ಕಾಗದ ಓದುವ ಬಾಯಿ

ಅವರ ಎಡಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಸದಾ ನೇರಳೆಯಾಗಿರುತ್ತಿದ್ದವು. ಸಹಿ ಬಾರದವರ ಹೆಬ್ಬೆಟ್ಟು ಹಿಡಿದು, ಶಾಯಿ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಹೊರಳಿಸಿ ಹೊರಳಿಸಿ ಹತ್ತಿದ ಬಣ್ಣ ಅದು. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. "ಹಿಟ್ಟಿಗೆ ಶಾಯಿ ಹತ್ತತದಂತ ಒಂದ ಕೈಲೆ ತಟ್ಟತೀನ್ರಿ, ಅದಕ್ಕ ನಮ್ಮ ಮನಿ ರೊಟ್ಟಿ ಸೊಟ್ಟ" ಎಂದು ಡಬ್ಬಿ ತೆಗೆದು ತೋರಿಸುತ್ತಿದ್ದರು. ರೊಟ್ಟಿ ಖರೇನೇ ಸೊಟ್ಟಗಿರುತ್ತಿತ್ತು.

ಶಹಾಪುರದ ನೋಂದಣಿ ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ, ಒಂದು ತಗಡಿನ ಟ್ರಂಕನ್ನೇ ಮೇಜು ಮಾಡಿಕೊಂಡು ಕೂಡುತ್ತಿದ್ದ ಪತ್ರ ಬರೆಯುವ ಹೆಂಗಸು ಅವರು. ಹಾಗೆ ಪತ್ರ ಬರೆಯುವವರ ಸಾಲಿನಲ್ಲಿ ಉಳಿದವರೆಲ್ಲ ಗಂಡಸರು. ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ. ಊರು ಅವರನ್ನು ಕರೆದದ್ದು ಓದೋ ಬಾಯಿ ಎಂದು. ಬರೆಯುವುದು ಕಸುಬಾದರೂ ಓದುವುದೇ ಅವರ ಚಟವಾಗಿತ್ತು. ಯಾರೇ ಬರಲಿ, ಹಳೆಯ ಕಾಗದಗಳನ್ನು ಮೊದಲ ಸಾಲಿನಿಂದ ಕಡೆಯ ಚಕ್ಕುಬಂದಿಯವರೆಗೆ ಜೋರಾಗಿ ಓದಿ, ಅದನ್ನು ಆಡುಮಾತಿನಲ್ಲಿ ಬಿಡಿಸಿ ಹೇಳದೆ ಪೆನ್ನು ಮುಟ್ಟುತ್ತಿರಲಿಲ್ಲ. ಬಿಸಿಲಲ್ಲಿ ನಿಂತವರು ಆಕಳಿಸುತ್ತಿದ್ದರು, ಬೈಯುತ್ತಿದ್ದರು, ಕೆಲವರು ಪಕ್ಕದವನ ಹತ್ತಿರ ಎದ್ದು ಹೋಗುತ್ತಿದ್ದರು. ಬಾಯಿ ತಲೆ ಎತ್ತುತ್ತಿರಲಿಲ್ಲ. "ಕೇಳಿಸ್ಕೋರಿ, ಆಮ್ಯಾಲ ಒತ್ತರಿ" ಎಂಬುದೊಂದೇ ಅವರ ಮಾತು.

ಇಷ್ಟು ಯಾಕೆ ಗಂಟಲು ಹರಿದುಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಕಾಲುವಿಗೆ ಹೊಲ ಹೋಗಾಗ ನಮ್ಮಪ್ಪ ಹೆಬ್ಬೆಟ್ಟು ಒತ್ತಿದ್ದ. ಅದರಾಗ ಏನು ಬರದಿತ್ತು ಅಂತ ಅವಗ ಸಾಯೋತನಕ ಗೊತ್ತಾಗಲಿಲ್ರಿ" ಎಂದರು. ಅಷ್ಟು ಹೇಳಿ ಅರ್ಧ ಕಪ್ಪು ಚಹಾ ತರಿಸಿದರು. ಅವರು ಯಾವತ್ತೂ ಕುಡಿಯುತ್ತಿದ್ದುದು ಅರ್ಧವೇ.

ನಾನು ಕನ್ಯಾಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ಹಾಗಾಗಿ ಎಲ್ಲರಿಗೂ ಅಕ್ಕೋರು. ನನ್ನ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಾಲುವೆಗೆ ನೀರು ಬಂದ ಮೇಲೆ ಊರಿಗೆ ಹೊರಗಿನವರು ಬಂದರು, ಗದ್ದೆಗಳು ಬಂದವು, ಮನೆ ಬಾಡಿಗೆ ನಮ್ಮ ಕೈ ಮೀರಿ ಹೋಯಿತು. ನಾವಿದ್ದ ಮನೆಯ ಮಾಲೀಕರು ಶಾಲೆ ಶುರುವಾಗುವುದರೊಳಗೆ ಬಿಡಿ ಎಂದು ಹೇಳಿಬಿಟ್ಟಿದ್ದರು. ಅದೇ ಹೊತ್ತಿಗೆ, ಕಾಲುವೆ ಕೆಲಸದಲ್ಲಿದ್ದ ಒಬ್ಬ ಓವರ್‌ಸೀಯರ್ ನಿವೃತ್ತರಾಗಿ ತಮ್ಮೂರು ಕೆಂಭಾವಿಗೆ ಹೊರಟಿದ್ದರು. ಅವರದೊಂದು ಮಾಳಿಗೆ ಮೇಲಿನ ಮನೆ ಮಾರಾಟಕ್ಕಿತ್ತು. ಹಳೆಯ ಜಾಗೀರದಾರ ಮನೆತನವೊಂದರ ಜಾಗವನ್ನು ಮೂವತ್ತು ವರ್ಷಕ್ಕೆ ಲೀಸಿಗೆ ಪಡೆದು, ಒಂದು ಸೊಸೈಟಿ ಅಲ್ಲಿ ಹನ್ನೆರಡು ಮನೆ ಕಟ್ಟಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ನಲ್ಲಿ ನೀರು. ನಾನು ನೋಡಿದ ದಿನವೇ ಪರದೆಯ ಅಳತೆ ತೆಗೆದುಕೊಂಡು ಬಂದೆ.

"ಪ್ಲಾಟ್ ತಗೊಳ್ಳಾಕತ್ತೀವ್ರಿ" ಎಂದು ಯಜಮಾನರು ಬಾಯಿಯ ಟ್ರಂಕಿನ ಮೇಲೆ ಕಾಗದ ಇಟ್ಟರು. ನಮ್ಮ ಕಡೆ ಖಾಲಿ ಜಾಗಕ್ಕೂ ಅಪಾರ್ಟ್‌ಮೆಂಟಿನ ಮನೆಗೂ ಪ್ಲಾಟ್ ಎಂದೇ ಅನ್ನುತ್ತಾರೆ.

ಬಾಯಿ ಓದಿದರು. ಮುಕ್ಕಾಲು ತಾಸು ಓದಿದರು. ಆಮೇಲೆ ಕನ್ನಡಕ ತೆಗೆದರು.

"ಇದು ಪ್ಲಾಟ್ ಅಲ್ರಿ, ಫ್ಲಾಟ್. ಪ ದಾಗ ನೆಲ ಅದ, ಫ ದಾಗ ಇಲ್ಲ. ನಿಮಗ ಸಿಗೋದು ಗ್ವಾಡಿ ಮತ್ತ ವರ್ಷ. ಇಪ್ಪತ್ತೆರಡು ವರ್ಷ ಉಳಿದಾವ. ಅದನ್ನ ಕೊಡಾಕೂ ನೆಲದವರು, ಸೊಸೈಟಿಯವರು ಇಬ್ಬರೂ ಒಪ್ಪಿಗಿ ಬರದು ಕೊಡಬೇಕು."

ಓವರ್‌ಸೀಯರ್ ಪಕ್ಕದಲ್ಲೇ ನಿಂತಿದ್ದರು. ನೆಲದವರೆಲ್ಲ ಹೈದರಾಬಾದಿನಲ್ಲಿ ಚದುರಿದ್ದಾರೆ, ಒಪ್ಪಿಗೆ ತರಿಸಲು ವರ್ಷ ಹಿಡಿಯುತ್ತದೆ, ಸದ್ಯಕ್ಕೆ ಒಂದು ಕರಾರು ಮತ್ತು ಮುಖತ್ಯಾರ ಪತ್ರ ಮಾಡಿಕೊಡುತ್ತೇನೆ ಎಂದರು. ಮನೆಗೆ ಸಂಬಂಧಪಟ್ಟಂತೆ ನನ್ನ ಪರವಾಗಿ ನೀವೇ ಸಹಿ ಮಾಡಬಹುದು ಎಂದು ಬರೆದುಕೊಡುವ ಪತ್ರ ಅದು. ಮನುಷ್ಯ ಮೋಸಗಾರನಲ್ಲ. ನಮ್ಮ ಹಾಗೆಯೇ ಅವರಿಗೂ ಅವಸರವಿತ್ತು.

"ಅದನ್ನ ನಾ ಬರಿಯಂಗಿಲ್ರಿ" ಎಂದರು ಬಾಯಿ. "ಮುಖತ್ಯಾರ ಕೊಟ್ಟವರು ಇರೋತನಕ ಅಷ್ಟ ಅದಕ್ಕ ಜೀವ. ಸಾಹೇಬ್ರು ನೂರು ವರ್ಷ ಬಾಳಲಿ. ಆದ್ರ ನಾಳಿಗಿ ಏನರ ಆದ್ರ ಆ ಕಾಗದ ಕೆಲಸಕ್ಕ ಬರಂಗಿಲ್ಲ, ಮನಿ ಅವರ ಹೇಣ್ತಿ ಮಕ್ಕಳ ಹೆಸರಿಗೆ ಹೋಗತದ. ಅಕ್ಕೋರ, ಒಂದು ವರ್ಷ ತಡೀರಿ."

ಒಂದು ವರ್ಷ! ನನಗೆ ಒಂದು ತಿಂಗಳಿತ್ತು. ಮನೆ ಸಿಕ್ಕಿತು ಎಂಬ ಹೊತ್ತಿಗೆ ಅಪಶಕುನ ನುಡಿಯುತ್ತಾಳೆ ಈ ಹೆಂಗಸು ಎಂದುಕೊಂಡೆ, ಸಾಲದ್ದಕ್ಕೆ ಅದನ್ನು ಬಾಯಿಬಿಟ್ಟು ಅಂದೂಬಿಟ್ಟೆ. ಅವರು ಕಾಗದಗಳನ್ನು ಸರಿಯಾಗಿ ಜೋಡಿಸಿ, ದಾರ ಕಟ್ಟಿ, ನನ್ನ ಕೈಗೆ ಕೊಟ್ಟರು. ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಧ ತಾಸಿನಲ್ಲಿ ಎರಡೂ ಪತ್ರ ತಯಾರಾದವು.

ಮೂರು ವರ್ಷ ಸುಖವಾಗಿದ್ದೆವು. ನೆಲದವರ ಒಪ್ಪಿಗೆ ತರಿಸುವ ಮಾತು ಇವತ್ತು ನಾಳೆ ಎನ್ನುತ್ತ ಹಿಂದೆ ಬಿತ್ತು. ಒಂದು ದಿನ ಸೊಸೈಟಿಯ ಕಾರ್ಯದರ್ಶಿ ಬಾಗಿಲಿಗೆ ಬಂದು, ಓವರ್‌ಸೀಯರ್ ತೀರಿಕೊಂಡರು ಎಂದರು. ಆಮೇಲೆ ಕಾಲು ಬದಲಿಸುತ್ತ, "ಅಕ್ಕೋರ, ರಿಜಿಸ್ಟರಿನ್ಯಾಗ ಈ ಮನಿ ಇನ್ನಾ ಅವರ ಹೆಸರಿಗೇ ಅದ. ವಾರಸುದಾರರಿಗೆ ಪತ್ರ ಕಳಸಬೇಕಾಗತದ" ಎಂದರು. ಅಡುಗೆಮನೆಗೆ ಹೋಗಿ ನಿಂತೆ. ನಾನೇ ಹಚ್ಚಿಸಿದ ಕಡಪಾ ಕಲ್ಲು, ನಾನೇ ಗೋಡೆಯಲ್ಲಿ ಹೊಡೆಸಿದ ಮಾಡ. ಇದು ಇನ್ನೊಬ್ಬರ ಮನೆ ಎಂಬುದು ತಲೆಗೆ ಇಳಿಯಲೇ ಇಲ್ಲ.

ಮುಖ ಎಲ್ಲಿಡಲಿ ಎಂದು ಎರಡು ದಿನ ಒದ್ದಾಡಿ ಮೂರನೆಯ ದಿನ ಬೇವಿನ ಮರದ ಕೆಳಗೆ ಹೋದೆ. ನಾ ಹೇಳಿರಲಿಲ್ಲೇನು ಎಂಬ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾಯಿ ನನ್ನನ್ನು ನೋಡಿ, "ಉಂಡೀರೇನ್ರಿ?" ಎಂದರು. ಡಬ್ಬಿ ತೆಗೆದು ಸೊಟ್ಟ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಮುಂದಿಟ್ಟರು. ನಾನು ತಿನ್ನುವವರೆಗೆ ಕಾದು, "ಎಲ್ಲಾ ಕಾಗದ ತಂದೀರಿ?" ಎಂದು ಕೇಳಿದರು. ಅಂದು ಅವರ ಮುಂದೆ ಅತ್ತದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ.

ಉಳಿದದ್ದು ಒಂದೇ ದಾರಿ. ಓವರ್‌ಸೀಯರರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ತಾವಾಗಿ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಕು, ನೆಲದವರು ಒಪ್ಪಬೇಕು. ಬಾಯಿ ನನ್ನ ಜೊತೆ ಕೆಂಭಾವಿಗೆ ಬಸ್ಸಿನಲ್ಲಿ ಬಂದರು. ಸಂತೆಯ ದಿನ, ನಿಲ್ಲಲು ಜಾಗವಿಲ್ಲ. ದಾರಿಯುದ್ದಕ್ಕೂ ಕಂಬ ಹಿಡಿದು ನಿಂತೇ ಬಂದ ಅವರ ಕಾಲು ಊದಿಕೊಂಡಿತ್ತು.

ಓವರ್‌ಸೀಯರರ ಹೆಂಡತಿ, ಆ ತಾಯಿ, ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಬೇಗ ಸಹಿ ಆದರೆ ಸಾಕಪ್ಪಾ ಎಂದು ನಾನು ಪೆನ್ನಿನ ಟೊಪ್ಪಿಗೆ ತೆಗೆದು ಕೂತಿದ್ದೆ. ಬಾಯಿ ಓದಲು ಶುರು ಮಾಡಿದರು. ಲೀಸಿನ ಕರಾರು ಪೂರ್ತಿ ಓದಿದರು. ನಮ್ಮ ಮುಖತ್ಯಾರ ಪತ್ರ ಓದಿದರು. ಆಮೇಲೆ ಆ ತಾಯಿಯ ಕಡೆ ತಿರುಗಿದರು.

"ನೋಡ್ರಿ ತಾಯಿ, ಕಾಯ್ದಾ ಪ್ರಕಾರ ಈಗ ಈ ಮನಿ ಮ್ಯಾಲ ಹಕ್ಕು ನಿಮ್ದು. ನೀವು ಸಹಿ ಮಾಡಂಗಿಲ್ಲ ಅಂದ್ರ ಯಾರೂ ನಿಮ್ಮ ಕೈ ಹಿಡದು ಮಾಡಸಾಕ ಬರಂಗಿಲ್ಲ. ಅಕ್ಕೋರು ನಿಮ್ಮ ಯಜಮಾನರಿಗೆ ಪೂರಾ ಕಿಮ್ಮತ್ತು ಕೊಟ್ಟಾರ, ಅದೂ ಖರೇ. ಎರಡೂ ಕೇಳಿಸ್ಕೊಂಡ್ರಿ. ವಿಚಾರ ಮಾಡಿ ಹೇಳ್ರಿ."

ಆ ತಾಯಿ ವಿಚಾರ ಮಾಡಿ ಹೇಳುತ್ತೇನೆ ಎಂದರು. ಪೆನ್ನಿನ ಟೊಪ್ಪಿಗೆ ಹಾಕಿ ಎದ್ದೆ. ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ನೀವು ಯಾರ ಕಡಿ ಬಾಯಿ?"

"ಯಾರ ಕಡೀನೂ ಇಲ್ರಿ. ಸುಮ್ನ ಕೂಡ್ರಿ, ನನ್ನ ತಲಿ ನೋಯಾಕತ್ತದ" ಎಂದು ಕಣ್ಣು ಮುಚ್ಚಿದರು.

ಆ ಮೂರು ವಾರ ನಾನು ಬಾಯಿಯನ್ನು ಶಪಿಸಿದಷ್ಟು ಯಾರನ್ನೂ ಶಪಿಸಿಲ್ಲ. ನಾಲ್ಕನೆಯ ವಾರ ಆ ತಾಯಿ ಹೆಣ್ಣುಮಕ್ಕಳನ್ನು ಕರೆದುಕೊಂಡು ತಾವಾಗಿಯೇ ಶಹಾಪುರಕ್ಕೆ ಬಂದರು. ನೆಟ್ಟಗೆ ಬೇವಿನ ಮರದ ಕೆಳಗೆ ಹೋಗಿ, "ಎಲ್ಲಿ ಮಾಡಬೇಕ್ರಿ ಸಹಿ?" ಎಂದು ಕೇಳಿದರಂತೆ. ನನಗೆ ಹೇಳಿಕಳಿಸಿದರು, ಓಡಿದೆ. "ನಮ್ಮ ಮನಿಯವರು ಜೀವ ಇರೋತನಕ ಒಂದು ಕಾಗದ ನನಗ ಓದಿ ಹೇಳಲಿಲ್ರಿ ಅಕ್ಕೋರ. ಸಹಿ ಮಾಡು ಅಂದ್ರ ಮಾಡತಿದ್ದೆ. ಇವರು ಓದಿ ಹೇಳಿದ್ರು. ನಿಮ್ಮ ಮನಿ ನಾ ಇಟ್ಕೊಂಡು ಏನ್ ಮಾಡ್ಲಿ" ಎಂದರು ಆ ತಾಯಿ.

ಹೈದರಾಬಾದಿನಿಂದ ಒಪ್ಪಿಗೆ ಬರಲು ಮತ್ತೂ ಎಂಟು ತಿಂಗಳು ಹಿಡಿಯಿತು. ಬಾಯಿ ಮೂರು ವಿಳಾಸಗಳಿಗೆ ಎಷ್ಟು ಪತ್ರ ಬರೆದರೋ ಅವರಿಗೇ ಗೊತ್ತು. ಕಡೆಗೆ ವರ್ಗಾವಣೆ ಪತ್ರ ನನ್ನ ಹೆಸರಿಗೆ ನೋಂದಣಿಯಾಯಿತು. ಅಂದೂ ನನ್ನನ್ನು ಕೂಡಿಸಿಕೊಂಡು ಪೂರ್ತಿ ಓದಿದರು. "ಹದಿನೆಂಟು ವರ್ಷ ಉಳಿದಾವ. ಮುಗದ ಮ್ಯಾಲ ಮತ್ತ ಕೊಡೋದು ಬಿಡೋದು ನೆಲದವರ ಮರ್ಜಿ. ಮುಂದ ನೀವು ಮಾರಿದ್ರ, ತಗೊಳ್ಳೋರಿಗೆ ಇದನ್ನ ಓದಿ ಹೇಳಬೇಕು. ಹೂಂ ಅನ್ರಿ."

"ಹೂಂನ್ರಿ" ಎಂದೆ. ಆ ಮನೆಯಲ್ಲಿ ನನ್ನ ಸಂಸಾರ ಕುದುರಿತು, ಕೂದಲು ಬೆಳ್ಳಗಾಯಿತು. ಬಾಯಿಯ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರ್ ಅಂಗಡಿಗಳಿಗೆ ಸರಿದರು. ಬಾಯಿ ಟ್ರಂಕು ಬಿಡಲಿಲ್ಲ. ಬರೆಸುವವರು ಕಡಿಮೆಯಾದರು, ಬೇರೆ ಕಡೆ ಬರೆಸಿಕೊಂಡು ಬಂದ ಕಾಗದವನ್ನು ಓದಿಸಿಕೊಂಡು ಹೋಗುವವರು ಹೆಚ್ಚಾದರು. ಓದಿದ್ದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಗಂಟಲು ಬಿದ್ದುಹೋಗಿ ಮಾತು ಪಿಸುಗುಟ್ಟಿದಂತೆ ಕೇಳುತ್ತಿತ್ತು.

ಯಜಮಾನರು ನಿವೃತ್ತರಾದರು. ಅವರ ಮೊಣಕಾಲು ಮಾಳಿಗೆ ಹತ್ತಲು ಒಲ್ಲೆ ಎಂದವು. ಅವರೂರು ಗುರುಮಠಕಲ್ಲಿನಲ್ಲಿ ಒಂದು ಸಣ್ಣ ಮನೆ ನೋಡಿ, ಇದನ್ನು ಮಾರಲು ಹೊರಟೆವು. ಲೀಸು ಐದು ವರ್ಷ ಉಳಿದಿತ್ತು. ಮೊದಲು ಬಂದವರಿಗೆ ಹೇಳಿದೆ, ಎದ್ದು ಹೋದರು. ಎರಡನೆಯವರಿಗೂ ಹೇಳಿದೆ, ಅವರು ಚಹಾ ಸಹ ಮುಗಿಸಲಿಲ್ಲ. ಮೂರನೆಯವರು ಕೃಷ್ಣಾ ದಂಡೆಯ ಊರಿನಿಂದ ಮೀನು ತಂದು ಮಾರುವ ಗಂಡ ಹೆಂಡತಿ. ಆ ಹುಡುಗಿ ಅಡುಗೆಮನೆಯ ನಲ್ಲಿಯನ್ನು ತಿರುಗಿಸಿ, ನೀರು ಬಂದದ್ದು ನೋಡಿ ನಕ್ಕು, ಮತ್ತೆ ಬಂದ್ ಮಾಡಿದಳು. ಅವರು ವರ್ಷದ ಮಾತು ಕೇಳಲಿಲ್ಲ. ನಾನು ಹೇಳಲಿಲ್ಲ.

ಸುಳ್ಳೇನೂ ಹೇಳಿರಲಿಲ್ಲ. ಒಪ್ಪಿಗೆಗಳೆಲ್ಲ ಸರಿಯಿದ್ದವು, ಪತ್ರದ ಮೂರನೆಯ ಪುಟದಲ್ಲಿ ಎಲ್ಲ ಬರೆದಿತ್ತು. ಕಂಪ್ಯೂಟರ್ ಅಂಗಡಿಯ ಹುಡುಗ ಬೆರಳಿಟ್ಟು ತೋರಿಸಿದಲ್ಲಿ ಇಬ್ಬರೂ ಸಹಿ ಮಾಡಿದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಬೇವಿನ ಮರವಿತ್ತು. ಬಾಯಿ ಅನಾರೋಗ್ಯದಿಂದ ಬಂದಿರಲಿಲ್ಲ. ಬಂದಿಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತಿದ್ದೇನೆ.

ಊರು ಬಿಡುವ ಮುಂಚೆ ಅವರನ್ನು ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು. ಮಗಳು ಎಬ್ಬಿಸಿ ಕೂಡಿಸಿ ದಿಂಬು ಕೊಟ್ಟಳು. ನನ್ನ ಕೈ ಹಿಡಿದುಕೊಂಡು, ಆ ಪಿಸುದನಿಯಲ್ಲೇ ಕೇಳಿದರು:

"ತಗೊಂಡವರಿಗೆ ಓದಿ ಹೇಳಿದ್ರೇನ್ರಿ ಅಕ್ಕೋರ?"

"ಹೇಳಿದೆನ್ರಿ."

"ಛಲೋ ಆತು" ಎಂದರು. ಎರಡು ವಾರಕ್ಕೆ ಹೋಗಿಬಿಟ್ಟರು.

ಮಣ್ಣಿಗೆ ಹೋಗಿದ್ದೆ. ಕೆಂಭಾವಿಯ ಆ ತಾಯಿಯೂ ಬಂದಿದ್ದರು. ನನ್ನ ಪಕ್ಕದಲ್ಲೇ ನಿಂತು ಅತ್ತರು. ನನಗೆ ಅಳು ಬರಲಿಲ್ಲ. ಗುರುಮಠಕಲ್ಲಿನ ಹೊಸ ಮನೆಯಲ್ಲಿ ಉಂಡ ಅನ್ನ ಮೈಗೆ ಹತ್ತಲಿಲ್ಲ. ಒಂದು ವರ್ಷ ಹಾಗೇ ಕಳೆದೆ. ಕಡೆಗೆ ಲೀಸಿನ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಶಹಾಪುರದ ಬಸ್ಸು ಹತ್ತಿದೆ.

"ಬರ್ರಿ ಅಕ್ಕೋರ" ಎಂದು ಆ ಹುಡುಗಿ ಬಾಗಿಲು ತೆಗೆದಳು. ಗೋಡೆಗೆ ಹೊಸ ಸುಣ್ಣ ಹೊಡೆಸಿದ್ದರು. ಚಹಾ ಬೇಡ ಎಂದೆ. ಒಂದು ಕಾಗದ ಓದುವುದಿದೆ, ಕೂಡವ್ವಾ ಎಂದೆ. ಮೊದಲ ಸಾಲಿನಿಂದ ಓದಿ, ಬಿಡಿಸಿ ಬಿಡಿಸಿ ಹೇಳಿದೆ. ಇನ್ನು ನಾಲ್ಕು ವರ್ಷ, ಆಮೇಲೆ ನೆಲದವರ ಮರ್ಜಿ, ಈಗಲೇ ಸೊಸೈಟಿಯವರ ಜೊತೆ ಸೇರಿ ಅರ್ಜಿ ಹಾಕಿಕೊಳ್ಳಬೇಕು ಎಂದೆ. ಅವಳು ಸುಣ್ಣದ ಗೋಡೆಯ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀವು ಈ ಮನಿ ತಗೊಳ್ಳಾಗ ನಿಮಗ ಯಾರರ ಹಿಂಗ ಓದಿ ಹೇಳಿದ್ರೇನ್ರಿ?" ಎಂದು ಕೇಳಿದಳು.

"ಹೇಳಿದ್ರವ್ವಾ" ಎಂದೆ. "ಎರಡು ಸಲ ಹೇಳಿದ್ರು."