ಕಳಿಸುವ ಹಾಡಿಗೆ ಬೇಕಾದ ಹೆಸರು

ಮಹಾರಾಷ್ಟ್ರದ ನಿಲಂಗಾ ತಾಲೂಕಿನ ಆ ಊರಿನಲ್ಲಿ ಲಿಂಗಾಯತರ ಮನೆಯಲ್ಲಿ ಯಾರಾದರೂ ಸತ್ತರೆ ಜಂಗಮ ರಾಚಯ್ಯನಿಗೂ ಅವನ ಹೆಂಡತಿ ಸಂಗಮ್ಮನಿಗೂ ಒಟ್ಟಿಗೇ ಹೇಳಿಕಳಿಸುತ್ತಿದ್ದರು. ರಾಚಯ್ಯನದು ಮಂತ್ರ ಮತ್ತು ವಿಭೂತಿ, ಸಂಗಮ್ಮನದು ಹಾಡು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಅವಳು ಎದುರು ಕುಳಿತು ಶುರು ಮಾಡಿದರೆ ಮಣ್ಣು ಮುಚ್ಚುವವರೆಗೆ ನಿಲ್ಲಿಸುತ್ತಿರಲಿಲ್ಲ. ಸ್ನಾನಕ್ಕೊಂದು, ಹೊಸ್ತಿಲಿಗೊಂದು, ದಾರಿಗೊಂದು, ಮಣ್ಣಿಗೊಂದು. ಇವಕ್ಕೆ ಕಳಿಸುವ ಹಾಡು ಎನ್ನುತ್ತಾರೆ. ಹೆಣವಿಲ್ಲದ ಮನೆಯಲ್ಲಿ ಇವನ್ನು ಎತ್ತಿದರೆ ಆ ಮನೆಯಿಂದ ಒಬ್ಬರು ಹೋಗುತ್ತಾರೆ ಎಂದು ನಂಬಿಕೆ. ಹೀಗಾಗಿ ಕಲಿಯುವುದು ಸತ್ತವರ ಮನೆಯಲ್ಲೇ. ಸೊಸೆ ಬಸವೇಶ್ವರಿ ಕೈಗೂಸುಗಳ ಕಾರಣಕ್ಕೆ ಅಂಥ ಮನೆಗಳಿಗೆ ಹೋಗಿರಲಿಲ್ಲ. ಅವಳಿಗೆ ಒಂದು ಹಾಡೂ ಪೂರ್ತಿ ಬರುತ್ತಿರಲಿಲ್ಲ.

ಸಂಗಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದು ಲಾತೂರಿನ ಡಾಕ್ಟರು ಗುರುವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಸಂಗಮ್ಮ ಅಳಲಿಲ್ಲ. ಅಷ್ಟರೊಳಗೆ ಹಾಡುಗಳನ್ನು ರೆಕಾರ್ಡ್ ಮಾಡಿಸಬೇಕು ಎಂದಳು. ರಾಚಯ್ಯ ಉದಗೀರದ ಬಸ್ಸು ಹತ್ತಿದ.

ಸ್ಟುಡಿಯೊ ಇದ್ದದ್ದು ಒಂದು ಮೊಬೈಲ್ ಅಂಗಡಿಯ ಮೇಲೆ. ಅದನ್ನು ನಡೆಸುವ ಧನರಾಜ ಮರಾಠಿಯವನು, ತಾಯಿ ಭಾಲ್ಕಿ ಕಡೆಯವಳಾದ್ದರಿಂದ ಕನ್ನಡ ಬಲ್ಲ.

"ಏನ್ ಹಾಡ್ರಿ ಸ್ವಾಮಿ? ಅಭಂಗಾನೋ, ಲಗ್ನದ್ದೋ?"

"ಹೆಣದ ಮುಂದ ಹಾಡೂದು."

ಧನರಾಜ ಹೆಡ್‌ಫೋನ್ ಕೆಳಗಿಟ್ಟ. "ಹಂಗಿದ್ರ ಬೋಣಿ ಹೊತ್ತಿಗಿ ಬ್ಯಾಡ್ರಿ. ದಿನದ ಗಿರಾಕಿನೆಲ್ಲಾ ಕಳಿಸಿಬಿಟ್ಟೀರಿ."

ಜಿಲ್ಲಾ ಪರಿಷತ್ತಿನ ಚುನಾವಣೆ ಹತ್ತಿರವಿತ್ತು. ಎಲ್ಲ ಪಕ್ಷದವರೂ ಪ್ರಚಾರದ ಹಾಡು ಮಾಡಿಸುತ್ತಿದ್ದರು. ಮಂಗಳವಾರ ಮಧ್ಯಾಹ್ನ ಮಾತ್ರ ಖಾಲಿ, ಅದು ಬಿಟ್ಟರೆ ಫಲಿತಾಂಶ ಬಂದ ಮೇಲೆಯೇ. ರಾಚಯ್ಯ ಮಂಗಳವಾರವನ್ನು ಹಿಡಿದ.

"ಮಾವಶಿಗಿ ಹೇಳ್ರಿ," ಎಂದ ಧನರಾಜ, ಸಂಗಮ್ಮನನ್ನು ನೋಡದೆಯೇ ಚಿಕ್ಕಮ್ಮನಾಗಿಸಿಕೊಂಡು. "ಮನ್ಯಾಗ ನಾಕ ಸಲ ಹಾಡಿ ರಿಯಾಜ್ ಮಾಡ್ಕೊಂಡು ಬರ್ಲಿ. ಇಲ್ಲಿ ಬಂದು ತಡವರಿಸಿದ್ರ ವ್ಯಾಳ್ಯಾ ಹೋಗ್ತದ. ಮೊಸರು ಬಂದ್. ಕೈಯಾಗ ಬಳಿ ಬ್ಯಾಡ, ಮೈಕಿಗಿ ಕೇಳಸ್ತಾವ."

ಮೊಸರು ಬಿಡುವುದು ಸುಲಭವಾಯಿತು. ಉಳಿದೆರಡು ಆಗದ ಮಾತು. ಗಂಡ ಬದುಕಿರುವಾಗ ಬಳೆ ತೆಗೆಯುವಂತಿಲ್ಲ. ಮನೆಯಲ್ಲಿ ಆ ಹಾಡು ಹಾಡುವಂತಿಲ್ಲ. ಸಂಗಮ್ಮ ಓಂಕಾಳಿನ ಬಿಸಿನೀರು ಕುಡಿದು, ಧ್ವನಿ ಉಳಿಸಿಕೊಳ್ಳಲು ಮಾತು ಬಿಟ್ಟು, ಕೈಸನ್ನೆಯಲ್ಲೇ ದಿನ ಕಳೆದಳು.

"ಲಗ್ನ ಆದಾಗಿಂದ ಮನಿ ಇಷ್ಟ ಶಾಂತ ಇದ್ದಿದ್ದಿಲ್ಲ," ಎಂದ ರಾಚಯ್ಯ. ಅವಳು ಲಟ್ಟಣಿಗೆ ಎತ್ತಿ ತೋರಿಸಿದಳು.

ಹಾಡುಗಳನ್ನು ಅವಳು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ತಿರುವಿದಳು. ಆಗೆಲ್ಲ ಹಿಂದೆಂದೋ ಕಳಿಸಿಕೊಟ್ಟ ಯಾರಾದರೊಬ್ಬರು ಕಣ್ಣೆದುರು ಬಂದು ಕೂರುತ್ತಿದ್ದರು, ಹಾಡು ಸರಾಗವಾಗಿ ಮುಗಿಯುತ್ತಿತ್ತು. ಎದುರಿಗೆ ಹೆಣವಿಲ್ಲದೆ ಹಾಡಿದರೆ ಏನು ಕೊರತೆ ಬೀಳುತ್ತದೆಂದು ಅದಕ್ಕೇ ಅವಳಿಗೆ ಹೊಳೆಯಲಿಲ್ಲ.

ಸ್ಟುಡಿಯೊ ಮನೆಯಲ್ಲ, ಅಂಗಡಿ, ಅಲ್ಲಿ ಹಾಡಿದರೆ ದೋಷವಿಲ್ಲ ಎಂದು ರಾಚಯ್ಯ ತೀರ್ಮಾನಿಸಿದ್ದ. ಮಂಗಳವಾರ, ಗೋಡೆಗೆಲ್ಲ ಫೋಮು ಬಡಿದ ಕೋಣೆಯಲ್ಲಿ ಅವಳನ್ನು ಕೂರಿಸಿ, ಬಳೆಗಳ ಮೇಲೆ ತನ್ನ ಹೆಗಲ ಮೇಲಿನ ವಲ್ಲಿಯನ್ನು ಬಿಗಿಯಾಗಿ ಸುತ್ತಿ, ಹೊರಗೆ ಧನರಾಜನ ಪಕ್ಕ ಕುಳಿತ. ಗಾಜಿನಾಚೆ ಸಂಗಮ್ಮ ಸ್ನಾನದ ಹಾಡು ಎತ್ತಿಕೊಂಡಳು. ಎರಡನೆಯ ಸಾಲಿಗೆ ನಿಂತಳು. ಮತ್ತೆ ಎತ್ತಿಕೊಂಡಳು, ಅಲ್ಲೇ ನಿಂತಳು.

"ಕಾಯ್ ಝಾಲಂ, ಮಾವಶಿ? ದಮ್ಮು ಹತ್ತಿತೇನು?" ಏನಾಯಿತೆಂದು ಧನರಾಜ ಹೊರಗಿನಿಂದ ಕೇಳಿದ.

"ಯಾರಿಗಿ ಹಾಡ್ಲಿ?"

"ಮೈಕಿಗಿ ಹಾಡ್ರಿ."

"ಮೈಕ ಸತ್ತಿಲ್ಲಲ್ಲಪ್ಪ. ಈ ಸಾಲಿನಾಗ ಸತ್ತವರ ಹೆಸರು ಬೇಕು."

ಪ್ರತಿ ಹಾಡಿನ ಎರಡನೆಯ ಸಾಲಿನಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಹೆಣ ಎದುರಿಗಿರುವಾಗ ಹೆಸರನ್ನು ಯಾರೂ ಹುಡುಕುವುದಿಲ್ಲ.

"ಯಾವದರೆ ಸುಳ್ಳ ಹೆಸರ ಹಾಕ್ರಿ," ಎಂದ ಧನರಾಜ.

"ಆ ಹೆಸರಿನಂವಾ ಎಲ್ಲೋ ಒಬ್ಬ ಇರ್ತಾನ."

"ಮೊದಲ ಸತ್ತವರದು?"

"ಒಮ್ಮಿ ಕಳಿಸಿದವರನ್ನ ಮತ್ತ ಬಾಗಲಿಗಿ ಕರೀಬಾರ್ದು."

ಹೆಸರಿನ ಜಾಗ ಬಿಟ್ಟು ಹಾಡಿ ನೋಡಿದಳು. ಧಾಟಿ ಅಲ್ಲೇ ಕುಸಿಯಿತು, ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಕೆಳಗೆ ಮುಂದಿನ ಗಿರಾಕಿಯ ಜೀಪು ಬಂದು ನಿಂತಿತು. ರಾಚಯ್ಯ ಎದ್ದು ಬಾಗಿಲು ತೆರೆದ.

"ನಂದು ಹಾಕು. ನಾ ನಿನಗಿಂತ ದೊಡ್ಡಾಂವ."

"ನಿಮ್ಮ ಹೆಸರು ಇಂದಿನತನ ಬಾಯಾಗ ತಂದಿಲ್ಲ. ಈಗ ತರಲೇನು? ಬಾಗಲ ಮುಚ್ರಿ."

ಅವನು ಮುಚ್ಚಿದ. ಅವಳು ಧನರಾಜನಿಗೆ ಸನ್ನೆ ಮಾಡಿ, ತನ್ನ ಹೆಸರನ್ನೇ ಹಾಕಿ ನಾಲ್ಕೂ ಹಾಡು ಹಾಡಿದಳು. 'ಹೊಸ್ತಿಲ ದಾಟವ್ವ ಸಂಗಮ್ಮ, ಹಿಂದಕ ನೋಡಬ್ಯಾಡ' ಎಂಬಲ್ಲಿ ರಾಚಯ್ಯ ಹೊರಗೆದ್ದು ಹೋದ. ಮಣ್ಣಿನ ಹಾಡಿನ ಹೊತ್ತಿಗೆ ಅವಳ ದನಿ ಹರಿದ ಬಟ್ಟೆಯಂತಾಗಿತ್ತು. ಅದೂ ದಾಖಲಾಯಿತು. ಧನರಾಜ ಎಲ್ಲವನ್ನೂ ರಾಚಯ್ಯನ ಮೊಬೈಲಿಗೆ ಹಾಕಿಕೊಟ್ಟ.

ಗುರುವಾರ ಆಪರೇಷನ್ ಆಯಿತು. ಸಂಗಮ್ಮ ಉಳಿದಳು. ಕತ್ತಿನ ತೂತಿಗೆ ಬಿಳಿ ಬಟ್ಟೆ ಬಂತು, ಮಾತು ಹೋಯಿತು.

ಅದೇ ಚಳಿಗಾಲದಲ್ಲಿ ಪಕ್ಕದ ಮನೆಯ ಪ್ರೇಮಾಬಾಯಿ ಸತ್ತಳು. ಮಗ ಕೈಲಾಸ ಬಂದು, ಹೆಣದ ಮುಂದೆ ಹಾಡು ಹಚ್ಚಲು ರಾಚಯ್ಯನ ಮೊಬೈಲ್ ಕೇಳಿದ.

"ಅದರಾಗ ಸಂಗಮ್ಮನ ಹೆಸರ ಅದ," ಎಂದ ರಾಚಯ್ಯ. "ನಿಮ್ಮವ್ವನ ಮುಂದ ನನ್ನ ಹೆಂಡ್ತಿನ್ನ ಕಳಿಸ್ಲೇನು?"

ಕೈಲಾಸ ತನ್ನ ಮೊಬೈಲಿನಲ್ಲಿ ಯಾವುದೋ ಮರಾಠಿ ಭಜನೆ ಹಚ್ಚಿದ. ನಡುವೆ ಟೂತ್‌ಪೇಸ್ಟಿನ ಜಾಹೀರಾತು ಬಂತು. ಅದು ಮುಗಿಯುವವರೆಗೆ ಹಣೆತುಂಬ ವಿಭೂತಿ ಹಚ್ಚಿದ ಹೆಣದ ಎದುರು ಎಲ್ಲರೂ ಕಾದರು. ಸಂಗಮ್ಮನೂ ಕಾದಳು.

ಮರುದಿನ ಅವಳು ಗಂಡನ ಮೊಬೈಲನ್ನು ಸೊಸೆಯ ಕೈಗಿಟ್ಟು, ಅಲ್ಲಿ ಕೂತು ಕಲಿ ಎಂದು ನಾಲೆಯಾಚೆಯ ರುದ್ರಭೂಮಿಯತ್ತ ಬೆರಳು ತೋರಿಸಿದಳು.

"ನಾ ಒಲ್ಲೆನ್ರಿ, ಅತ್ತಿ. ನೀವು ಇರೂತನ ಇದನ್ನ ಹಚ್ಚಿದ್ರ..." ಬಸವೇಶ್ವರಿ ಮೊಬೈಲನ್ನು ಹಿಂದಕ್ಕೆ ಚಾಚಿದಳು.

ಸಂಗಮ್ಮ ಸೊಸೆಯ ಬೆರಳುಗಳನ್ನು ಮೊಬೈಲಿನ ಮೇಲೆ ಒಂದೊಂದಾಗಿ ಮಡಿಸಿದಳು.

"ಹೋಗವ್ವ," ಎಂದ ಕಟ್ಟೆಯ ಮೇಲಿದ್ದ ರಾಚಯ್ಯ, ಮುಖ ಆಚೆ ತಿರುಗಿಸಿಕೊಂಡು. "ಆಕಿ ಮನಸ್ಸು ಮಾಡ್ಯಾಳ."

ಬಸವೇಶ್ವರಿ ದಿನಾ ಮಧ್ಯಾಹ್ನದ ಹೊತ್ತು ಸಮಾಧಿಗಳ ನಡುವೆ ಕುಳಿತು ಕೇಳಿದಳು, ಕೇಳಿದ್ದನ್ನು ಹಾಡಿದಳು. ಅವಳು ತಿರುಗಿ ಬರುವವರೆಗೆ ಸಂಗಮ್ಮ ಹೊಸ್ತಿಲು ದಾಟದೆ ಮನೆಯ ಒಳಗೇ ಇರುತ್ತಿದ್ದಳು. ಧಾಟಿ ಸೊಸೆಯ ಬಾಯಲ್ಲಿ ಗಟ್ಟಿಯಾಗಿ ಕೂತಿತು. ಧಾಟಿಯ ಜೊತೆಗೆ ಹೆಸರೂ ಕೂತಿತು.

ಬೇಸಿಗೆಯಲ್ಲಿ ಮುದುಕ ಶಿವರಾಯ ತೀರಿಕೊಂಡ. ಬಸವೇಶ್ವರಿ ಮೊದಲ ಬಾರಿ ಹೆಣದ ಎದುರು ಕುಳಿತಳು. ಸಂಗಮ್ಮ ಬಾಗಿಲ ಬಳಿ ಕುಳಿತಿದ್ದಳು. ಸ್ನಾನದ ಹಾಡಿನಲ್ಲಿ ಸೊಸೆ ಎಚ್ಚರದಿಂದ ಶಿವರಾಯನ ಹೆಸರು ಹಿಡಿದಳು. ನಾಲ್ವರು ಹೆಣ ಕೂರಿಸಿದ ವಿಮಾನ ಹೊತ್ತು ಹೊಸ್ತಿಲಿಗೆ ಬಂದಾಗ, ನೂಕುನುಗ್ಗಲಿನಲ್ಲಿ, ಅವಳ ಬಾಯಿಂದ 'ಹೊಸ್ತಿಲ ದಾಟವ್ವ ಸಂಗಮ್ಮ' ಎಂದು ಬಂದುಬಿಟ್ಟಿತು.

ಹೊತ್ತವರು ನಿಂತರು. ಅಳುತ್ತಿದ್ದವರೂ ನಿಂತು ಸಂಗಮ್ಮನನ್ನು ನೋಡಿದರು. ಬಸವೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡಳು.

ಸಂಗಮ್ಮ ವಿಮಾನಕ್ಕೆ ದಾರಿಯಾಗುವಂತೆ ಕಾಲು ಮಡಚಿಕೊಂಡಳು. ಆಮೇಲೆ ಸೊಸೆಯತ್ತ ಕೈ ಎತ್ತಿ, ಮುಂದಿನ ಸಾಲು ಹಾಡು ಎಂದು ಸನ್ನೆ ಮಾಡಿದಳು.