ಮನೆಯವರ ಒನ್ಸ್ ಮೋರ್

ಆದೋನಿಯ ಹತ್ತಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ನಾಟಕದ ಹಾಲ್ ಇದೆ. ಬ್ರಿಟಿಷರ ಕಾಲದಲ್ಲಿ ಹತ್ತಿ ವ್ಯಾಪಾರಿಗಳು ದೊರೆಗಳನ್ನು ಖುಷಿಪಡಿಸಲು ಕಟ್ಟಿಸಿದ್ದಂತೆ. ಮೇಲಿನ ಮರದ ಬಾಲ್ಕನಿ ದೊರೆ ದೊರೆಸಾನಿಯರಿಗೆ, ಕೆಳಗಿನ ಕುರ್ಚಿ ಸಾಹುಕಾರರಿಗೆ, ನೆಲ ನಮ್ಮಂಥವರಿಗೆ. ದೊರೆಗಳು ಹೋದ ಮೇಲೂ ಬಳ್ಳಾರಿ ಕಡೆಯ ಕನ್ನಡ ಕಂಪನಿಗಳು, ಕರ್ನೂಲು ಕಡೆಯ ತೆಲುಗು ಪದ್ಯನಾಟಕದವರು ಅದೇ ಹಲಗೆಗಳ ಮೇಲೆ ಕುಣಿದರು. ಆಮೇಲೆ ಅದು ಸಿನಿಮಾ ಟಾಕೀಸು, ಹತ್ತಿಯ ಗೋದಾಮು, ಕೊನೆಗೆ ಮದುವೆ ಹಾಲ್. ಈಗ ಕೆಡವುತ್ತಾರೆ. ಕೆಡವುವ ಮುಂಚೆ ಅಲ್ಲೊಂದು ಸಭೆ ಮಾಡಬೇಕೆಂದು ಊರಿನ ಕೆಲವರಿಗೆ ಅನ್ನಿಸಿತು. ಸೂರು ಸೋರುವಾಗ ಅವರೆಲ್ಲ ಎಲ್ಲಿದ್ದರೋ ಗೊತ್ತಿಲ್ಲ.

ಆ ಸಭೆಗೆ ಅಪ್ಪನನ್ನೂ ಕರೆದರು. ಹೊಳಗುಂದದಲ್ಲಿ ಕುರಿ ಸಾಕಿಕೊಂಡಿದ್ದ ಅಪ್ಪ ಹರೆಯದಲ್ಲಿ ಊರಿನ ಗೆಳೆಯರ ಜೊತೆ ಬಂದು ಈ ಹಾಲಿನಲ್ಲಿ ಕನ್ನಡ ನಾಟಕ ಆಡುತ್ತಿದ್ದರು. ಅವರದು ಯಾವಾಗಲೂ ರಾಜನ ಪಾರ್ಟು. ಕೊನೆಯ ಅಂಕದಲ್ಲಿ ರಾಜ ಒಂದು ಹಾಡು ಹಾಡಿ ಸಾಯಬೇಕು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಸತ್ತವನು ಎದ್ದು ಕುಳಿತು ಅದೇ ಹಾಡು ಹಾಡಿ ಇನ್ನೊಮ್ಮೆ ಸಾಯಬೇಕು. ಜನ ಕೇಳಿದ ಮೇಲೆ ಆಗುವುದಿಲ್ಲ ಎನ್ನುವಂತಿಲ್ಲ. ಜ್ವರ ಬಂದಾಗಲೂ ಎದ್ದು ಹಾಡಿದ್ದೇನೆ ಎಂದು ಅಪ್ಪ ಈಗಲೂ ಹೇಳುತ್ತಾರೆ.

ಈಗ ಅವರು ಆದೋನಿಯಲ್ಲಿ ನನ್ನ ಜೊತೆ ಇದ್ದಾರೆ. ಕಿವಿ ಮಂದ, ಉಸಿರು ಕಮ್ಮಿ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮನೆಯಲ್ಲಿ ಜೋರು ನನ್ನದೇ. ಆದರೂ ಸಭೆಗೆ ಹೊರಡುವಾಗ ಒಗೆದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ ಅವರನ್ನು ನೋಡಿ, ಹೆಚ್ಚು ಹೊತ್ತು ಹಾಡಬೇಡಿ ಎಂದು ಹೇಳಲು ಬಾಯಿ ಬರಲಿಲ್ಲ.

ತೆಲುಗಿನಲ್ಲಿ ಭಾಷಣಗಳು ಮುಗಿದು ಅಪ್ಪನ ಸರದಿ ಬಂದಾಗ ಅರ್ಧ ಹಾಲ್ ಖಾಲಿಯಾಗಿತ್ತು. ಅಪ್ಪ ಮೈಕು ಹಿಡಿದು ರಾಜ ಸಾಯುವ ಹಾಡು ಹಾಡಿದರು. ದನಿ ನಡುಗಿದರೂ ಚೆನ್ನಾಗಿಯೇ ಹಾಡಿದರು. ಜನ ಫೋನಿನಿಂದ ತಲೆ ಎತ್ತಿ ನಾಲ್ಕು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದವಳು ಎದ್ದು ನಿಂತು ‘ಒನ್ಸ್ ಮೋರ್’ ಎಂದು ಕೂಗಿಬಿಟ್ಟೆ.

ಅಪ್ಪ ನನ್ನ ಕಡೆ ನೋಡಿ, ಮೈಕಿನಲ್ಲೇ ಹೇಳಿದರು: “ಇದು ನಮ್ಮ ಮಗಳ ದನಿ. ಮನಿಯವರ ಒನ್ಸ್ ಮೋರ್ ಲೆಕ್ಕಕ್ಕ ಬರಂಗಿಲ್ರಿ.”

ಎಲ್ಲರೂ ನಕ್ಕರು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಆದರೆ ನಿಜವಾದ ನಾಚಿಕೆ ಅದರ ಮುಂದಿನದು. ಅಪ್ಪ ಮೈಕು ಬಿಡಲಿಲ್ಲ. ಬೇರೆ ಯಾರಾದರೂ ಕೂಗುತ್ತಾರೇನೋ ಎಂದು ಹಿಂದಿನ ಸಾಲುಗಳ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತರು. ಯಾರೂ ಕೂಗಲಿಲ್ಲ. ನಾನು ಸುಮ್ಮನಿದ್ದಿದ್ದರೆ ಆ ನಾಲ್ಕು ಚಪ್ಪಾಳೆಗೇ ಕೈಮುಗಿದು ಇಳಿದು ಬರುತ್ತಿದ್ದರು. ಕಾಯುವ ಆಸೆ ಹುಟ್ಟಿಸಿದವಳು ನಾನು. ಕೊನೆಗೆ ಯಾರೋ ಬಂದು ಮೆಲ್ಲಗೆ ಮೈಕು ತೆಗೆದುಕೊಂಡರು.

ಆಟೋದಲ್ಲಿ ಬರುವಾಗ ಅಪ್ಪ ಕೇಳಿದರು: “ಹಿಂದ ಯಾರರ ಕೂಗಿದ್ರೇನವಾ? ಅಷ್ಟು ದೂರದ್ದು ನನಗ ಕೇಳಂಗಿಲ್ಲ.”

ನಾನು ಇಲ್ಲ ಎನ್ನಬೇಕಿತ್ತು. ಅವರ ಮುಖ ನೋಡಿ, “ಕೂಗಿದ್ರಪ್ಪ. ಕಡೀ ಸಾಲಿನ್ಯಾಗ ಒಬ್ರು, ಬಿಳಿ ಅಂಗಿಯವರು,” ಎಂದೆ. ಅಂಗಿಯ ಬಣ್ಣ ಯಾಕೆ ಸೇರಿಸಿದೆನೋ. ನಂಬಲಿ ಎಂದಿರಬೇಕು.

ನಂಬಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಆದರೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅಂದರು: “ಅಂದ್ರ ನಾನು ಒನ್ಸ್ ಮೋರ್ ಬಿಟ್ಟು ಇಳದು ಬಂದೇನಿ. ಈ ಜನ್ಮದಾಗ ಹಂಗ ಮಾಡಿದ್ದಿಲ್ಲ ನಾನು. ಆ ಮನುಷ್ಯ ಏನು ತಿಳ್ಕಂಡಿರಬೇಕು?”

ಅಂದಿನಿಂದ ಅಪ್ಪನಿಗೆ ಅದೇ ಚಿಂತೆ. ಬೆಳಿಗ್ಗೆ ಎದ್ದು ಹಾಡು ಅಭ್ಯಾಸ ಮಾಡುತ್ತಾರೆ. ಎರಡನೇ ಸಾಲಿಗೆ ಕೆಮ್ಮು ಬರುತ್ತದೆ, ನೀರು ಕುಡಿದು ಮೊದಲಿಂದ ಶುರು. ಸಂಜೆ ನನ್ನ ಜೊತೆ ಬಜಾರಿಗೆ ಬಂದರೆ ಬಿಳಿ ಅಂಗಿಯವರನ್ನು ಕಂಡಲ್ಲೆಲ್ಲ ನಿಲ್ಲಿಸುತ್ತಾರೆ. ಆದೋನಿಯಲ್ಲಿ ಬಿಳಿ ಅಂಗಿಗೇನು ಬರವೇ? ನಿಜ ಹೇಳಿಬಿಡಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಹೇಳಿದರೆ ಆ ಖಾಲಿ ಹಾಲ್ ಮತ್ತೆ ಅವರ ಎದುರಿಗೆ ಬರುತ್ತದೆ. ಕಚೇರಿಯಲ್ಲಿ ಎಲ್ಲರ ತಪ್ಪು ಎತ್ತಿ ಹೇಳುವ ನನಗೆ ಅಪ್ಪನ ಎದುರು ನಾಲಿಗೆ ಏಳುವುದಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರ ಕೈ ಹಿಡಿದು, “ಅವತ್ತು ತಪ್ಪಾತ್ರಿ, ಕೇಳಿಸಲಿಲ್ಲ. ಈಗ ಹಾಡ್ತೀನಿ, ನಿಂದ್ರಿ,” ಎಂದು ಅಲ್ಲೇ ಶುರು ಮಾಡಿದರು. ಆತ ಪಾಪ, ಒಳ್ಳೆಯವರು. ಎರಡು ಸಾಲು ಕೇಳಿ, ಅಪ್ಪನಿಗೆ ಕೆಮ್ಮು ಬಂದಾಗ ಬೆನ್ನು ಸವರಿ, “ನೇನು ಕಾದು ಪೆದ್ದಾಯನಾ,” ಅದು ನಾನಲ್ಲ ಹಿರಿಯರೇ ಎಂದು ತೆಲುಗಿನಲ್ಲಿ ಹೇಳಿದರು.

ಅಪ್ಪ ಕೆಮ್ಮು ನಿಲ್ಲಿಸಿಕೊಂಡು ನನ್ನ ಕಡೆ ತಿರುಗಿದರು. “ಇವರೇನವಾ? ನೀನು ನೋಡಿದ್ದಿ ಅಲಾ, ಸರಿಯಾಗಿ ನೋಡಿ ಹೇಳು.”

ನಾನು ಆತನ ಮುಖವನ್ನು ಸರಿಯಾಗಿ ನೋಡಿದೆ.

“ಇವರಲ್ಲಪ್ಪ,” ಎಂದೆ.