ಇಂದಕ್ಕನವರ ಪಾಳಿ ಪೆಟ್ಟಿಗೆ

ಇಂದಕ್ಕನವರ ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಯಾರೂ ಅಲ್ಲಿ ತಮ್ಮ ಕೈಗಳನ್ನು ನೋಡಿಕೊಂಡವರಲ್ಲ. ಯಂತ್ರದ ಮುಂದೆ ಕುಳಿತೊಡನೆ ಅವರು ಹಿಂದಿನಿಂದ ಬಂದು ನೀಲಿ ಬಟ್ಟೆಯೊಂದರ ಲಾಡಿಯನ್ನು ನಮ್ಮ ಕೊರಳಿಗೆ ಕಟ್ಟಿ, ಬಟ್ಟೆಯ ಇನ್ನೊಂದು ತುದಿಯನ್ನು ಯಂತ್ರದ ಮೇಲೆ ಹೊದಿಸುತ್ತಿದ್ದರು. ಕೈಗಳು ಬಟ್ಟೆಯ ಕೆಳಗೆ, ಕಣ್ಣುಗಳು ಪಕ್ಕದ ಹಾಳೆಯ ಮೇಲೆ. ಕಿಟಕಿಯಿಂದ ನೋಡಿದವರಿಗೆ ನಾವು ಸಾಲಾಗಿ ಕ್ಷೌರಕ್ಕೆ ಕುಳಿತವರಂತೆ ಕಾಣುತ್ತಿದ್ದೆವು. ಶಿಗ್ಗಾವಿಯ ಹುಡುಗರು ಅದಕ್ಕೆ ‘ಕಟಿಂಗ್ ಕ್ಲಾಸ್’ ಎಂದೇ ಹೆಸರಿಟ್ಟಿದ್ದರು. ಅದು ಇಂದಕ್ಕನವರಿಗೂ ಗೊತ್ತಿತ್ತು. “ಕೂದಲಾ ಕತ್ತರಸೂದಿಲ್ಲ, ಅಂಜಿಕಿ ಕತ್ತರಸ್ತೇನಿ. ಬರ್ರಿ ಒಳಗ” ಎನ್ನುತ್ತಿದ್ದರು.

ಅವರ ತಂದೆ ಸವಣೂರಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಆಚಾರ್ಯರು. ಮಗಳು ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿಗೆ ಹೋಗಿ ಟೈಪಿಂಗ್ ಕಲಿತು, ಶಿಗ್ಗಾವಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕ್ಲಾಸು ತೆರೆದಾಗ ಬಂಧುಗಳು ಮುಖ ಸಿಂಡರಿಸಿದರಂತೆ. ಅದನ್ನು ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ನಮ್ಮಪ್ಪ ಪುಸ್ತಕಾ ಮುಚ್ಚಿಟ್ಟು ಕಲಸ್ತಿದ್ರು, ನಾ ಕೈ ಮುಚ್ಚಿಟ್ಟು ಕಲಸ್ತೇನಿ. ವಿದ್ಯಾ ಎರಡೂ ಒಂದ.”

ನಾನು ಅವರಲ್ಲಿಗೆ ಹೋದದ್ದು ಬಿ.ಕಾಂ. ಮುಗಿದ ಮೇಲೆ, ಎಂಬತ್ತರ ದಶಕ ಅರ್ಧ ಕಳೆದಿದ್ದಾಗ. ದುಂಡಸಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಕಾರಣದಿಂದಲೋ ಏನೋ, ಯಾವ ಮಾತನ್ನಾದರೂ ಮನಸ್ಸಿನಲ್ಲಿ ಎರಡು ಸಲ ತಿದ್ದದೆ ನನಗೆ ಬಾಯಿ ತೆರೆಯಲಾಗುತ್ತಿರಲಿಲ್ಲ. ಅಪ್ಪ ಸ್ಪಷ್ಟವಾಗಿ ಹೇಳಿದ್ದ: “ಡಿಗ್ರಿ ಆತು. ಇನ್ನ ಮುಂಗಾರಿ ಬರೂತನಕ ನೋಡ್ತೇನಿ. ನೌಕರಿ ಸಿಕ್ಕರ ಹೋಗು, ಇಲ್ಲಂದ್ರ ಬಂದು ಕೂರಿಗಿ ಹಿಡಿ.” ಹೊಲದ ಕೆಲಸ ಕೀಳೆಂದು ನಾನು ಎಂದೂ ಭಾವಿಸಿಲ್ಲ. ಆದರೆ ಓದಿ ಮರಳಿ ಬಂದವನನ್ನು ಊರು ನೋಡುವ ನೋಟಕ್ಕೆ ನಾನು ಹೆದರುತ್ತಿದ್ದೆ.

ಆ ವರ್ಷವೇ ಇಂದಕ್ಕನವರು, ಹುಬ್ಬಳ್ಳಿಯಲ್ಲಿ ಮುಚ್ಚಿಹೋಗುತ್ತಿದ್ದ ತರಬೇತಿ ಕೇಂದ್ರವೊಂದರಿಂದ ಎರಡು ಕಂಪ್ಯೂಟರುಗಳನ್ನು ಕೊಂಡು ತಂದರು. ಒಂದು ಕಚೇರಿಗಳಲ್ಲಿ ಬಳಸುವ ದೊಡ್ಡ ಪೆಟ್ಟಿಗೆಯದು. ಇನ್ನೊಂದು ಬೇರೆಯದೇ ಜಾತಿ. ಕೀಲಿಮಣೆಯೇ ಕಂಪ್ಯೂಟರ್ ಆಗಿದ್ದ ಪುಟ್ಟ ಯಂತ್ರ. ಮಾನಿಟರುಗಳೂ ಎರಡು ಹೊರಟಿದ್ದವು. ತಡಸದ ಹತ್ತಿರ ಬಸ್ಸಿನ ಟಾಪಿನ ಮೇಲೆ ಮೆಣಸಿನಕಾಯಿ ಚೀಲವೊಂದು ಜಾರಿ ಬಿದ್ದು ಒಂದು ಮಾನಿಟರಿನ ಗಾಜು ಒಡೆಯಿತು. ಇಂದಕ್ಕನವರು ಉಳಿದದ್ದನ್ನು ಮೇಜಿನ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. “ತಲಿ ಎರಡು ಬಂದಾವ, ಮಾರಿ ಒಂದ ಬಂದದ. ಇರ್ಲಿ, ಹಂಚಿಕೊಂಡು ಬದಕ್ತಾವ” ಎಂದರು.

ಬಂಕಾಪುರದ ರೇಡಿಯೊ ರಿಪೇರಿಯವನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದರು. ಎರಡೂ ಕಂಪ್ಯೂಟರುಗಳ ತಂತಿ ಅದರೊಳಗೆ ಬಂದು, ಒಂದೇ ತಂತಿಯಾಗಿ ಮಾನಿಟರಿಗೆ ಹೋಗುತ್ತಿತ್ತು. ಮೇಲೊಂದು ಹಿಡಿಕೆ. ಎಡಕ್ಕೆ ತಳ್ಳಿದರೆ ಪರದೆಯ ಮೇಲೆ ‘ದೊಡ್ಡಾಂವ’, ಬಲಕ್ಕೆ ತಳ್ಳಿದರೆ ‘ಸಣ್ಣಾಂವ’. ಈ ಹೆಸರುಗಳೂ ಅವರವೇ. ದೊಡ್ಡಾಂವನ ಹಸಿರು ಅಕ್ಷರಗಳು ಸಣಕಲು, ಸಣ್ಣಾಂವನವು ದಪ್ಪ. ಒಂದು ಯಂತ್ರದಲ್ಲಿ ಕುಳಿತವರು ಪರದೆ ನೋಡಿ ತಿದ್ದುವಾಗ, ಇನ್ನೊಂದರಲ್ಲಿದ್ದವರು ಏನನ್ನೂ ಕಾಣದೆ ಟೈಪು ಮಾಡುತ್ತಲೇ ಇರಬೇಕು. ಬೇರೆ ಊರಿನಲ್ಲಾಗಿದ್ದರೆ ಒಬ್ಬರು ಸುಮ್ಮನೆ ಕೂರುತ್ತಿದ್ದರು. ನೀಲಿ ಬಟ್ಟೆಯ ಕೆಳಗೆ ಕಲಿತ ನಮಗೆ ಅದು ಕಷ್ಟವೆನಿಸಲಿಲ್ಲ.

ನಿಯಮ ಒಂದೇ ಇತ್ತು. ಹಿಡಿಕೆ ಮುಟ್ಟುವವರು ಗಟ್ಟಿಯಾಗಿ “ಪಾಳಿ” ಎನ್ನಬೇಕು. ಹೇಳದೆ ತಳ್ಳಿದವರಿಗೆ ಅಂದು ಇಡೀ ಕ್ಲಾಸಿನ ರಿಬ್ಬನ್ ಬದಲಿಸುವ ಶಿಕ್ಷೆ. ಮಸಿ ಕೈಬಿಡಲು ಮೂರು ದಿನ ಬೇಕಾಗುತ್ತಿತ್ತು.

ನನ್ನ ಜೊತೆಗಾತಿ ಮೆಹರುನ್ನಿಸಾ. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರ ಮಗಳು, ಮಾತಿನಲ್ಲಿ ಚುರುಕು. ನನ್ನ ಪಾಳಿ ಬಂದಾಗಲೆಲ್ಲ ನಾನು ಪರದೆಯನ್ನು ಬೇಗ ಬಿಟ್ಟುಕೊಡುತ್ತಿರಲಿಲ್ಲ. “ಸಾಕ್ ಬಿಡ್ರಿ ಫಕೀರಪ್ಪ, ಕನ್ನಡಿ ಮುಂದ ನಿಂತ ಮದಿಮಗನ ಗತಿ ಮಾಡಬ್ಯಾಡ್ರಿ” ಎಂದು ಅವಳು ಕಾಡುತ್ತಿದ್ದಳು. ಇಂದಕ್ಕನವರು ನಗುತ್ತಿರಲಿಲ್ಲ. “ಅಂವಗ ತನ್ನ ಕೈ ಮ್ಯಾಲ ನಂಬಿಗಿ ಇಲ್ಲವ್ವಾ. ಬರ್ತದ” ಎನ್ನುತ್ತಿದ್ದರು.

ಮೇ ತಿಂಗಳ ಕೊನೆಯಲ್ಲಿ, ಹತ್ತಿ ಮಾರಾಟದ ಸಹಕಾರಿ ಸಂಘವೊಂದರ ಕಾರ್ಯದರ್ಶಿಗಳು ಕ್ಲಾಸಿಗೆ ಬಂದರು. ಸಂಘಕ್ಕೆ ಕಂಪ್ಯೂಟರ್ ಬರುವುದಿತ್ತು. ಸವಣೂರಿಗೆ ಒಬ್ಬರು, ಹಿರೇಕೆರೂರಿನ ಶಾಖೆಗೆ ಒಬ್ಬರು ಬೇಕಾಗಿದ್ದರು. “ಇಬ್ಬರೂ ಚಲೋ ಇದ್ರ ಇಬ್ಬರನ್ನೂ ತಗೋತೇನ್ರಿ. ಇಲ್ಲಂದ್ರ ಒಬ್ಬರನ್ನ” ಎಂದು ಹೇಳಿ, ಒಂದೇ ಇಂಗ್ಲಿಷ್ ಪತ್ರದ ಎರಡು ಪ್ರತಿಗಳನ್ನು ನಮ್ಮ ಪಕ್ಕದಲ್ಲಿಟ್ಟರು. ಅಂದು ಮುಂಜಾನೆ ದುಂಡಸಿಯಲ್ಲಿ ಮೊದಲ ಮಳೆಯಾಗಿತ್ತು. ಅಪ್ಪ ಬಿತ್ತನೆಯ ಕೂರಿಗೆಯನ್ನು ಅಂಗಳಕ್ಕೆ ತೆಗೆದಿಟ್ಟದ್ದನ್ನು ನೋಡಿಕೊಂಡೇ ನಾನು ಬಸ್ಸು ಹತ್ತಿದ್ದೆ.

ನಾನು ದೊಡ್ಡಾಂವನ ಮುಂದೆ, ಮೆಹರುನ್ನಿಸಾ ಸಣ್ಣಾಂವನ ಮುಂದೆ. ಪಾಳಿ ನನ್ನದಿತ್ತು. ಅರ್ಧ ಪುಟ ಮುಗಿಸಿ ತಲೆ ಎತ್ತಿ ನೋಡಿದರೆ ಪರದೆಯ ಮೇಲೆ ಒಂದು ಸಾಲು ಬಿಟ್ಟುಹೋಗಿತ್ತು. ಆ ಸಾಲಿನವರೆಗೆ ಹಿಂದೆ ಹೋಗೋಣವೆಂದು ಅಳಿಸುವ ಕೀಲಿ ಒತ್ತಿದೆ. ಪರದೆಯ ಮೇಲಿನ ಅಕ್ಷರ ಅಳಿಯಲಿಲ್ಲ. ಯಂತ್ರ ನಿಂತಿರಬೇಕೆಂದು ಇನ್ನಷ್ಟು ಒತ್ತಿದೆ, ಒತ್ತುತ್ತಲೇ ಹೋದೆ.

“ಫಕೀರಪ್ಪ, ಅದು ನಂದು” ಎಂದು ಮೆಹರುನ್ನಿಸಾ ಮೆಲ್ಲಗೆ ಹೇಳಿದಳು.

ಕಾರ್ಯದರ್ಶಿಗಳು ಪೆಟ್ಟಿಗೆಯ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಇದೇನೆಂಬ ಕುತೂಹಲದಿಂದ ಯಾವಾಗಲೋ ಅದನ್ನು ಬಲಕ್ಕೆ ತಳ್ಳಿದ್ದರು. ‘ಪಾಳಿ’ ಎನ್ನಬೇಕೆಂಬುದು ಅವರಿಗೇನು ಗೊತ್ತು. ನಾನು ಕಂಡ ತಪ್ಪು ಅವಳದು; ಅದನ್ನು ಕಂಡು ಅವಳೂ ಕೈ ನಿಲ್ಲಿಸಿದ್ದಳು. ಅಳಿಸಿದ್ದು ಸರಿಯಾಗಿದ್ದ ನನ್ನ ಪುಟವನ್ನು. ಅಕ್ಷರಗಳು ದಪ್ಪಗಿದ್ದದ್ದೂ ಆ ಗಾಬರಿಯಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ. ಅವಳು ಬಿಟ್ಟ ಸಾಲನ್ನು ಅಲ್ಲೇ ಸೇರಿಸಿ ತನ್ನ ಪುಟ ಮುಗಿಸಿದಳು. ಆಮೇಲೆ ಹಿಡಿಕೆಯನ್ನು ಎಡಕ್ಕೆ ತಂದಾಗ ಪರದೆಯ ಮೇಲೆ ಉಳಿದದ್ದು ಪತ್ರದ ತಲೆಬರಹ ಮಾತ್ರ.

ಕಾರ್ಯದರ್ಶಿಗಳು ಗಡಿಯಾರ ನೋಡಿದರು. “ಈ ತಂಗೀನ ತಗೋತೇನ್ರಿ. ಇವರದು ಮುಂದ ನೋಡೂಣು. ನನಗ ಬಸ್ಸಿನ ಹೊತ್ತಾತು.”

“ಬಸ್ ಹೋದರ ಇನ್ನೊಂದು ಬರ್ತದರಿ” ಎಂದರು ಇಂದಕ್ಕ. “ಇಂವ ಇವತ್ತು ಹೋದರ ಸೀದಾ ಹೊಲಕ್ಕ ಹೋಗ್ತಾನ. ಕುಂತ್ಕೋರಿ, ಚಹಾ ಆಗೂದ್ರಾಗ ಮುಗೀತದ.”

ಅವರು ಕುಳಿತರು. ಇಂದಕ್ಕನವರ ಮಾತು ಕೇಳಿದವರು ಸಾಮಾನ್ಯವಾಗಿ ಕುಳಿತೇಬಿಡುತ್ತಿದ್ದರು. ಆಮೇಲೆ ಇಂದಕ್ಕನವರು ಗೂಟಕ್ಕೆ ತೂಗುಹಾಕಿದ್ದ ನೀಲಿ ಬಟ್ಟೆಯನ್ನು ತಂದರು. ನನ್ನ ಕೊರಳಿಗೆ ಕಟ್ಟುವರೆಂದು ನಾನು ತಲೆ ಬಾಗಿಸಿದೆ. ಅವರು ಅದನ್ನು ಮಾನಿಟರಿನ ಮೇಲೆ ಹೊದಿಸಿದರು.

“ನಿನ್ನ ಕೈ ತಪ್ಪಿಲ್ಲೋ” ಎಂದು ನನಗಷ್ಟೇ ಕೇಳುವಂತೆ ಹೇಳಿದರು. “ನಿನ್ನ ಕಣ್ಣು ಮಂದಿ ಮನಿಯೊಳಗ ಹೋಗಿತ್ತು. ಬಿಡು ಅದನ್ನ. ಕೈ ತನ್ನ ಮನೀ ತಾನ ಹುಡುಕ್ಕೋತದ.”

ಟೈಪು ಮಾಡುವಾಗ ನನಗೆ ಕಂಡದ್ದು ಪಕ್ಕದ ಪತ್ರ ಮಾತ್ರ. ಒಳಗೆ ಹಾಲು ಉಕ್ಕಿದ ವಾಸನೆ ಬಂದರೂ ಇಂದಕ್ಕನವರು ಎದ್ದುಹೋಗಲಿಲ್ಲ. ಕೊನೆಯ ಚುಕ್ಕೆ ಒತ್ತಿ ನಾನು ಕೈ ತೆಗೆದಾಗ, ಬಟ್ಟೆ ಎತ್ತುವಂತೆ ಕಾರ್ಯದರ್ಶಿಗಳಿಗೇ ಹೇಳಿದರು. ಅವರು ಪತ್ರವನ್ನೂ ಪರದೆಯನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿ, “ಹಿರೇಕೆರೂರಿಗೆ ಹೋಗ್ತೀರೇನು?” ಎಂದು ಕೇಳಿದರು. ಉತ್ತರವನ್ನು ನಾನು ಮನಸ್ಸಿನಲ್ಲಿ ತಿದ್ದುತ್ತಿರುವಾಗಲೇ ಮೆಹರುನ್ನಿಸಾ, “ಹೋಗ್ತಾರ್ರಿ” ಎಂದುಬಿಟ್ಟಳು. ‘ಪಾಳಿ’ ಎನ್ನದೆ ಹಿಡಿಕೆ ಮುಟ್ಟಿದ ತಪ್ಪಿಗೆ ಇಂದಕ್ಕನವರು ಕಾರ್ಯದರ್ಶಿಗಳಿಗೆ ಶಿಕ್ಷೆಯನ್ನೂ ವಿಧಿಸಿದರು: ಅಡಿ ಹಿಡಿದ ಹಾಲಿನ ಆ ಚಹಾವನ್ನು ಅವರು ಪೂರ್ತಿ ಕುಡಿಯಬೇಕಾಯಿತು.

ನಾನು ಹಿರೇಕೆರೂರಿಗೆ ಹೊರಟ ದಿನ ಇಂದಕ್ಕನವರು ಆ ನೀಲಿ ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟರು. “ತೊಳದೇನಿ. ಧೂಳರೆ ಒರಸ್ಲಿಕ್ಕೆ ಬರ್ತದ” ಎಂದರು.

ದಶಕದ ಕೊನೆಯ ಹೊತ್ತಿಗೆ ಅವರ ದೃಷ್ಟಿ ಹೋಯಿತು. ಕ್ಲಾಸು ಮುಚ್ಚಿ ಹಾನಗಲ್ಲಿನಲ್ಲಿ ತಮ್ಮನ ಮನೆಗೆ ಹೋದರು. ಕೊನೆಯ ಸಲ ಅವರನ್ನು ಕಂಡದ್ದು ಅಲ್ಲಿಯೇ. ದಿನಪತ್ರಿಕೆ ಓದಿ ಹೇಳು ಎಂದರು. ನಾನು ಓದುತ್ತಿದ್ದಂತೆ ಅವರ ಬೆರಳುಗಳು ಮೊಣಕಾಲ ಮೇಲೆ ಒಂದೊಂದಾಗಿ ಕುಣಿಯತೊಡಗಿದವು. ಅವರ ಕೈಗಳನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಒಂದು ಪದದಲ್ಲಿ ತಡವರಿಸಿ, ನಾನು ವಾಕ್ಯವನ್ನು ಮೊದಲಿನಿಂದ ಆರಂಭಿಸಿದೆ. ಬೆರಳುಗಳು ನಿಂತವು.

“ಹಿಂದ ಹೋಗಬ್ಯಾಡ ಫಕೀರಪ್ಪ. ಮುಂದ ನಡಿ.”

ಅವರು ಹೋದ ಸುದ್ದಿಯನ್ನು ಮೆಹರುನ್ನಿಸಾ ಸವಣೂರಿನಿಂದ ಫೋನು ಮಾಡಿ ತಿಳಿಸಿದಳು. ನಾನು ಕಚೇರಿಯಲ್ಲಿದ್ದೆ, ಪರದೆಯ ಮೇಲೆ ಅರ್ಧ ಪುಟವಿತ್ತು. ಮೇಜಿನ ಖಾನೆಯಿಂದ ನೀಲಿ ಬಟ್ಟೆ ತೆಗೆದು ಮಾನಿಟರಿಗೆ ಹೊದಿಸಿ, ಉಳಿದರ್ಧವನ್ನು ಟೈಪು ಮಾಡಿದೆ. ಬಟ್ಟೆ ಎತ್ತಿ ನೋಡಿದಾಗ ಒಂದು ಸಾಲು ಬಿಟ್ಟುಹೋಗಿತ್ತು. ಆ ದಿನ ಅದನ್ನು ತಿದ್ದಲಿಲ್ಲ.